ಬೋಟಿಗೆ ಸ್ವಲ್ಪ ಹುಷಾರಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನನಗೆ ಆ ಬೋಟನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಹುಟ್ಟುಹಬ್ಬಕ್ಕೆ ಅಪ್ಪ ಮನೆಯಲ್ಲಿಲ್ಲ ಅಂದರೆ ಬೋಟು. ಶಾಲೆಯ ವಾರ್ಷಿಕೋತ್ಸವಕ್ಕೆ ಬರಲಿಲ್ಲ ಅಂದರೆ ಬೋಟು. ಊರಿಗೆ ಟಿಕೆಟ್ ಮಾಡಿಸಿ, ಪೆಟ್ಟಿಗೆ ಕಟ್ಟಿ, ಕೊನೆಗೆ ಅಮ್ಮ ಮತ್ತು ನಾನು ಇಬ್ಬರೇ ವಿಮಾನ ಹತ್ತಿದೆವು ಅಂದರೆ ಅದಕ್ಕೂ ಅದೇ ದರಿದ್ರ ಬೋಟು. "ಎಡದ ಎಂಜಿನ್ ಕೈಕೊಟ್ಟಿದೆ. ನೀವು ಹೋಗಿ, ನಾನು ಹಿಂದಿನಿಂದ ಬರ್ತೇನೆ," ಎನ್ನುತ್ತಿದ್ದರು ಅಪ್ಪ. ಅವರು ಹಿಂದಿನಿಂದ ಬಂದದ್ದು ನನಗೆ ಒಮ್ಮೆಯೂ ನೆನಪಿಲ್ಲ.

ಇಲ್ಲಿಯ, ಅಂದರೆ ಅಬುಧಾಬಿಯ, ಕರಾವಳಿ ಕಾವಲು ಪಡೆ ಇನ್ನೂ ಹೊಸತಾಗಿದ್ದಾಗ ತರಿಸಿದ ಮೊದಮೊದಲ ಬೋಟುಗಳಲ್ಲಿ ಅದೂ ಒಂದು. ದೊಡ್ಡ ಹಡಗೊಂದರ ಮೇಲೆ ಕಟ್ಟಿಸಿಕೊಂಡು ಬಂತಂತೆ. ಕ್ರೇನಿನಿಂದ ಅದನ್ನು ನೀರಿಗಿಳಿಸಿದಾಗ ಹಗ್ಗ ಹಿಡಿದವರಲ್ಲಿ ಅಪ್ಪನೂ ಒಬ್ಬರು. ಮಲ್ಪೆಯಲ್ಲಿ ಮೀನಿನ ಬೋಟುಗಳ ಎಂಜಿನ್ ಬಿಚ್ಚಿ ಕಟ್ಟಿ ಕೈ ಪಳಗಿದ್ದ ಅವರಿಗೆ ಇಲ್ಲಿಯ ಬಂದರಿನ ಕೂಲಿ ಕೆಲಸ ಬೇಸರವಾಗಿತ್ತು. ಕಂಟ್ರಾಕ್ಟ್ ಕಂಪೆನಿಯೊಂದರ ಮೂಲಕ ಆ ಬೋಟಿನ ಎಂಜಿನ್ ರೂಮಿಗೆ ಎಣ್ಣೆ ಹಾಕುವವರಾಗಿ ಇಳಿದರು, ತಲೆ ಬೆಳ್ಳಗಾದ ಮೇಲೆ ಫಿಟ್ಟರ್ ಆಗಿ ಮೇಲೆ ಬಂದರು.

ಅದರ ಕಥೆಗಳನ್ನು ಕೇಳಿ ಕೇಳಿ ನನಗೆ ಬಾಯಿಪಾಠ. ಹೊಸತರಲ್ಲಿ ಅದರ ಓಟಕ್ಕೆ ಸಮ ಇರಲಿಲ್ಲವಂತೆ. ಡೀಸೆಲ್ ಕದ್ದು ಸಾಗಿಸುವ ಮರದ ಹಡಗುಗಳವರು ಇದರ ಸದ್ದು ಕೇಳಿದರೆ ಸಾಕು, ಡ್ರಮ್ಮುಗಳನ್ನು ಸಮುದ್ರಕ್ಕೆ ಉರುಳಿಸಿ ಸಾಧುಗಳ ಹಾಗೆ ಕೂರುತ್ತಿದ್ದರಂತೆ. ಒಮ್ಮೆ ದ್ವೀಪವೊಂದರಿಂದ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಕರೆದುಕೊಂಡು ಬರುವಾಗ ಮಗು ದಡದವರೆಗೆ ಕಾಯಲಿಲ್ಲ. ಎಂಜಿನ್ ನಿಲ್ಲಿಸಬೇಡಿ, ನಿಧಾನ ಮಾಡಿ ಎಂದು ಮೇಲಿನಿಂದ ಕೂಗಿದರು, ಅಪ್ಪ ಕೆಳಗೆ ನಿಂತು ಬೆವರು ಸುರಿಸುತ್ತಾ ಹಾಗೆಯೇ ನಡೆಸಿದರು. ಮಗುವಿನ ಅಳು ಎಂಜಿನ್ನಿನ ಸದ್ದನ್ನು ಮೀರಿ ಕೇಳಿತು ಎಂದು ಅಪ್ಪ ಹೇಳುತ್ತಾರೆ. ಕೇಳಿರಲಿಕ್ಕಿಲ್ಲ. ಆ ಕಥೆ ಬಂದಾಗಲೆಲ್ಲ ಅಮ್ಮ, "ನಿಮ್ಮ ಮಗಳು ಹುಟ್ಟುವಾಗ ಮಾತ್ರ ನೀವು ಇರಲಿಲ್ಲ ಮಾರ್ರೆ," ಎಂದು ಚುಚ್ಚುತ್ತಿದ್ದಳು. ಅಪ್ಪ ನಗುತ್ತಿದ್ದರು.

ಆಮೇಲೆ ಹೊಸ ಬೋಟುಗಳು ಬಂದವು. ಇದನ್ನು ಆಳ ಸಮುದ್ರದಿಂದ ಬಂದರಿನೊಳಗಿನ ಸುತ್ತಾಟಕ್ಕೆ ಇಳಿಸಿದರು. ಅಲ್ಲಿಂದ, ಹೊಸ ಹುಡುಗರಿಗೆ ಹಗ್ಗ ಕಟ್ಟುವುದು ಕಲಿಸಲಿಕ್ಕೆ. ಅಷ್ಟರಲ್ಲಿ ಅಪ್ಪನಿಗೂ ನಿವೃತ್ತಿಯಾಯಿತು. ಕೊನೆಗೆ ಬೋಟನ್ನು ಬಂದರಿನ ಕಟ್ಟೆಯ ತುದಿಯಲ್ಲಿ, ಯಾರ ದಾರಿಗೂ ಅಡ್ಡವಾಗದ ಕಡೆ, ಸುಮ್ಮನೆ ಕಟ್ಟಿಹಾಕಿದರು.

ಅಪ್ಪ ಅಮ್ಮ ಈಗ ಅಬುಧಾಬಿಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಎಲೆಕ್ಟ್ರಾ ಸ್ಟ್ರೀಟಿನ ಹಳೆಯ ಕಟ್ಟಡದ ಫ್ಲಾಟು. ಕೆಳಗೆ ಮೊಬೈಲ್ ಅಂಗಡಿ, ಮೇಲೆ ನಾವು. ಶನಿವಾರ ನಾನು ಅಪ್ಪನನ್ನು ಕರೆದುಕೊಂಡು ಅಲ್ ಮೀನಾದ ಮೀನು ಮಾರುಕಟ್ಟೆಗೆ ಹೋಗುವುದು ರೂಢಿ. ಬಂಗುಡೆ ಕೊಳ್ಳುವುದು ಒಂದು ನೆಪ. ಕಾರ್ ನಿಲ್ಲಿಸುವ ಜಾಗದಿಂದ ಬೇಲಿಯಾಚೆಗೆ ಆ ಬೋಟು ಕಾಣುತ್ತಿತ್ತು. ಅಪ್ಪ ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನಿಂತು ನೋಡುತ್ತಿದ್ದರು. "ಸ್ವಲ್ಪ ಎಡಕ್ಕೆ ವಾಲಿದೆ. ಒಳಗೆ ನೀರು ಬರ್ತಾ ಉಂಟು. ಯಾರೂ ನೋಡುದಿಲ್ಲ," ಎಂದು ಗೊಣಗುತ್ತಿದ್ದರು. ನಾನು ಮೀನು ಹಿಡಿದುಕೊಂಡು ಬಿಸಿಲಿನಲ್ಲಿ ನಿಂತು, "ಅಪ್ಪ, ಬರ್ತೀರಾ ಇಲ್ವಾ? ಮೀನು ಕೆಟ್ಟೋಗ್ತದೆ," ಎಂದು ರೇಗುತ್ತಿದ್ದೆ.

ಅಪ್ಪನ ಎದೆಗೆ ಸ್ಟೆಂಟ್ ಹಾಕಿಸಿದ ಮೇಲೆ ಅಮ್ಮ ಮೊದಲಿನ ಅಮ್ಮನಾಗಿ ಉಳಿಯಲಿಲ್ಲ. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಆ ಹಗಲು ಅವಳೊಳಗೆ ಏನೋ ಮುರಿದುಹೋಯಿತು. ಆಮೇಲೆ ಟೀವಿಯಲ್ಲಿ ಕ್ರಿಕೆಟ್ ಬಿಗಿಯಾದರೆ ಚಾನೆಲ್ ಬದಲಿಸುವಳು. ಊರಿನಿಂದ ಯಾರದ್ದೇ ಫೋನ್ ಬಂದರೂ ಮೊದಲು ತಾನೇ ಎತ್ತಿ, ಸೋಸಿ, ಆಮೇಲೆ ಅಪ್ಪನಿಗೆ ಕೊಡುವಳು. ಅವಳಿಗೆ ಬೇಕಿದ್ದದ್ದು ಒಂದೇ: ಅಪ್ಪ ಇರಬೇಕು. ಅದಕ್ಕಾಗಿ ಏನು ಮಾಡಲಿಕ್ಕೂ ತಯಾರಿದ್ದಳು.

ಹಾಗಿರುವಾಗ ಒಂದು ಬೆಳಿಗ್ಗೆ, ಅಪ್ಪ ಸ್ನಾನಕ್ಕೆ ಹೋಗಿದ್ದಾಗ, ಅವರ ಮೊಬೈಲಿಗೆ ಹಳೆಯ ಕಂಪೆನಿಯ ಸೂಪರ್‌ವೈಸರ್ ಫೋನ್ ಮಾಡಿದರು. ಎತ್ತಿದ್ದು ಅಮ್ಮ. ಅವರು ಹೇಳಿದ್ದಿಷ್ಟು: ತಿಂಗಳ ಕೊನೆಗೆ ಬೋಟನ್ನು ಸಮುದ್ರದಲ್ಲಿ ಮುಳುಗಿಸುತ್ತಾರೆ, ಮೀನುಗಳಿಗೆ ಮನೆಯಾಗಲಿ ಎಂದು. ಮುಳುಗಿಸುವ ದಿನ ಹಳಬರನ್ನೆಲ್ಲ ಬೇರೆ ಬೋಟಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಎಲ್ಲರಿಗಿಂತ ಮೊದಲು ಅಪ್ಪ ಬರಬೇಕು. ಬೋಟು ಇಳಿದ ದಿನ ಇದ್ದವರಲ್ಲಿ ಇನ್ನು ಉಳಿದಿರುವುದು ಅವರೊಬ್ಬರೇ.

ಆಗಸ್ಟ್ ತಿಂಗಳು. ಹೊರಗೆ ಕಾಲಿಟ್ಟರೆ ಉಸಿರು ಸುಡುವ ಬಿಸಿಲು. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ತನ್ನ ಮುರುಕು ಹಿಂದಿಯಲ್ಲಿ, "ಉನ್ಕಾ ತಬಿಯತ್ ಥೋಡಾ ಸೀರಿಯಸ್ ಹೈ," ಅಪ್ಪನ ಆರೋಗ್ಯ ಸ್ವಲ್ಪ ಸೀರಿಯಸ್, ಎಂದು ಹೇಳಿ ಫೋನ್ ಇಟ್ಟಳು. ಆಮೇಲೆ ನನ್ನ ಮಗಳ ಕೋಣೆಗೆ ಹೋಗಿ, ಅಪ್ಪನ ಮೊಬೈಲಿಗೆ ಫೋನ್ ಬಾರದ ಹಾಗೆ ಮಾಡುವುದು ಹೇಗೆ ಎಂದು ಕೇಳಿದಳು. ಮಗಳು ವಿಮಾನದ ಗುರುತು ಒತ್ತುವುದನ್ನು ತೋರಿಸಿಕೊಟ್ಟಳು.

ಸಂಜೆ ನಾನು ಆಫೀಸಿನಿಂದ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಎಲ್ಲವನ್ನೂ ಪಿಸುಗುಟ್ಟಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ಅಮ್ಮ, ನಿನಗೆ ತಲೆ ಸರಿ ಉಂಟಾ? ಅವರ ಬೋಟು ಅದು. ಹೇಳು ಅವರಿಗೆ."

"ಹೇಳಿ? ಎದೆ ಹಿಡ್ಕೊಂಡು ಕೂತ್ರೆ ನೀನು ಬರ್ತೀಯಾ ಬೆಂಚಲ್ಲಿ ಕೂರ್ಲಿಕ್ಕೆ?"

"ನಾನೂ ಕೂತಿದ್ದೆ ಅವತ್ತು."

"ನೀನು ಫೋನಲ್ಲಿ ಮಾತಾಡ್ತಾ ಕೂತಿದ್ದೆ," ಎಂದಳು ಅಮ್ಮ. ನನ್ನ ಮಗಳು ಬಾಗಿಲಲ್ಲಿ ನಿಂತು, "ವೈ ಡೋಂಟ್ ಯು ಜಸ್ಟ್ ಟೆಲ್ ಹಿಮ್?" ಎಂದಾಗ ನಾವಿಬ್ಬರೂ ಒಟ್ಟಿಗೇ ಅವಳ ಮೇಲೆ ಹಾರಿಬಿದ್ದೆವು.

ಅವಳಿಗೆ ಹೇಗೆ ಅರ್ಥ ಮಾಡಿಸುವುದು? ನಮ್ಮವರಲ್ಲಿ ಯಾರೂ ಒಮ್ಮೆಗೇ ಸಾಯುವುದಿಲ್ಲ. ಮೊದಲು ಸ್ವಲ್ಪ ಹುಷಾರಿಲ್ಲ ಅಂತಾರೆ. ಆಮೇಲೆ ಸ್ವಲ್ಪ ಸೀರಿಯಸ್, ಟಿಕೆಟ್ ಮಾಡಿ ಹೊರಟು ಬಾ ಅಂತಾರೆ. ಮಂಗಳೂರಿನಲ್ಲಿ ಇಳಿದರೆ ಕರೆದೊಯ್ಯಲು ಬಂದವರು ಮುಖ ತಪ್ಪಿಸುತ್ತಾರೆ. ಮನೆಯ ಅಂಗಳದಲ್ಲಿ ಬಾಡಿಗೆ ಕುರ್ಚಿ ಕಂಡಾಗಲೇ ಕೊನೆಯ ಸುದ್ದಿ. ಗಲ್ಫಿನಲ್ಲಿ ದುಡಿಯುವ ಪ್ರತಿಯೊಬ್ಬರೂ ಇಂಥ ಒಂದು ಫೋನ್ ಎತ್ತಿದವರೇ. ಸೀರಿಯಸ್ ಎಂದೊಡನೆ ಒಳಗೆ ಗೊತ್ತಾಗಿಬಿಡುತ್ತದೆ. ಆದರೂ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ಮುಂದಿನ ಶನಿವಾರ ಮಾರುಕಟ್ಟೆಯ ಬೇಲಿಯಾಚೆ ಬೋಟು ಇರಲಿಲ್ಲ. ಮುಳುಗಿಸುವ ಮೊದಲು ಎಂಜಿನ್ ತೆಗೆಯಲಿಕ್ಕೆ ಒಯ್ದಿರಬೇಕು; ಅದು ಕಟ್ಟಿದ್ದ ಜಾಗದಲ್ಲಿ ಎಣ್ಣೆ ತೇಲುವ ಖಾಲಿ ನೀರು. ಅಪ್ಪನ ಮುಖ ನೋಡಲಾಗಲಿಲ್ಲ. ಮನೆಗೆ ಬಂದವರೇ, "ಬೋಟು ಅಲ್ಲಿ ಇಲ್ಲ ಮಾರಾಯ್ತಿ," ಎಂದರು ಅಮ್ಮನಿಗೆ.

ಅಮ್ಮ ತಯಾರಾಗಿಯೇ ಇದ್ದಳು. "ಹೌದಂತೆ. ಅದಕ್ಕೆ ಸ್ವಲ್ಪ ಹುಷಾರಿಲ್ಲ ಅಂತ ಯಾರೋ ಹೇಳಿದ್ರು. ರಿಪೇರಿ ಯಾರ್ಡಿಗೆ ಕೊಂಡೋಗಿದ್ದಾರಂತೆ."

ಮನುಷ್ಯರ ಸಾವಿನ ಸುದ್ದಿ ತಿಳಿಸುವ ಹಾಗೆ ಮೆಲ್ಲಮೆಲ್ಲಗೆ ಹೇಳಿ ಮುಗಿಸೋಣ ಎಂದು ಅವಳ ಲೆಕ್ಕ. ಆದರೆ ಅಪ್ಪ ಫಿಟ್ಟರ್. ಎಂಜಿನ್ನಿಗೆ ಹುಷಾರಿಲ್ಲ ಅಂದರೆ ಫಿಟ್ಟರಿಗೆ ಅದು ಸಾವಿನ ಸುದ್ದಿಯಲ್ಲ, ಕೆಲಸದ ಕರೆ. ಅವರ ಕಣ್ಣು ಹೊಳೆಯಿತು.

"ಎಡದ್ದಾ, ಬಲದ್ದಾ?"

"ನಂಗೆಂತ ಗೊತ್ತು ಮಾರ್ರೆ!"

"ಎಡದ್ದೇ ಇರಬೇಕು. ಅಂತೂ ರಿಪೇರಿ ಮಾಡ್ತಾರಲ್ಲ. ಬಿಚ್ಚಿದ ಮೇಲೆ ನನ್ನನ್ನು ಕರೀಲೇಬೇಕು. ಆ ಪಂಪು ಬೇರೆಯವರ ಮಾತು ಕೇಳುದಿಲ್ಲ."

ಅಮ್ಮನ ಮುಖ ಬಿಳಿಚಿತು. ಹೇಳಿದ್ದು ಹೇಳಿಯಾಗಿತ್ತು. ಅಂದಿನಿಂದ ಅಪ್ಪ ಕಾಯಲು ಶುರುಮಾಡಿದರು. ಮಂಚದ ಕೆಳಗಿದ್ದ ಟೂಲ್ ಬಾಕ್ಸ್ ಹೊರಗೆ ಬಂತು. ಬಾಲ್ಕನಿಯಲ್ಲಿ ಪೇಪರ್ ಹಾಸಿ ಸ್ಪಾನರುಗಳನ್ನು ಒಂದೊಂದಾಗಿ ಸೀಮೆಎಣ್ಣೆಯಲ್ಲಿ ಒರೆಸಿ ಇಟ್ಟರು. ಕನ್ನಡಕದ ನಂಬರ್ ಬದಲಿಸಿಕೊಂಡರು. ದಿನಾ ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಫುಲ್ ಪ್ಯಾಂಟ್ ಹಾಕಿಕೊಂಡು ಮೊಬೈಲ್ ಎದುರಿಗಿಟ್ಟು ಕೂರುವರು. "ಯಾರದ್ದೂ ಫೋನೇ ಇಲ್ಲವಲ್ಲ," ಎಂದರೆ ಅಮ್ಮ ಒಳಗಿನಿಂದ, "ನೆಟ್‌ವರ್ಕ್ ಸರಿ ಇಲ್ಲ ಈಗ," ಎನ್ನುವಳು. ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಅಷ್ಟು ಖುಷಿಯಾಗಿ ಅಪ್ಪನನ್ನು ನೋಡಿ ಎಷ್ಟೋ ಕಾಲವಾಗಿತ್ತು. ಅದನ್ನು ಕಂಡ ಮೇಲೆ ಹೇಳುವ ಬಾಯಿ ನನಗೂ ಇರಲಿಲ್ಲ.

ಬೋಟು ಮುಳುಗಿಸಿದ ದಿನ ನಾನು ಆಫೀಸಿಗೆ ರಜೆ ಹಾಕಿ ಮನೆಯಲ್ಲೇ ಉಳಿದೆ. ಏಕೆ ಎಂದು ಅಪ್ಪ ಕೇಳಲಿಲ್ಲ. ಮಧ್ಯಾಹ್ನ ಊಟ ಮಾಡಿ, ಟೂಲ್ ಬಾಕ್ಸಿನ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದರು. ಅಮ್ಮ ಗಡಿಯಾರ ನೋಡುತ್ತಾ ಒಂದೇ ಸಮನೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸಾಯಂಕಾಲ ಅವಳು ವಿಮಾನದ ಗುರುತು ತೆಗೆದಳು. "ಇನ್ನು ಹೆದರಿಕೆ ಇಲ್ಲ. ಮೆಲ್ಲಗೆ ಸೀರಿಯಸ್ ಅಂತ ಹೇಳುವ, ಚಳಿಗಾಲಕ್ಕೆ ಪೂರ್ತಿ ಹೇಳುವ," ಎಂದಳು ನನಗೆ.

ಆದರೆ ಸೀರಿಯಸ್ ಎಂಬ ಮಾತನ್ನು ಅವಳು ಈಗಾಗಲೇ ಒಬ್ಬರಿಗೆ ಹೇಳಿಯಾಗಿತ್ತು, ಅದೂ ಅಪ್ಪನ ಬಗ್ಗೆ. ಅದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಚಳಿ ಬಿದ್ದ ಮೇಲೆ, ಅಮ್ಮ ಇನ್ನೂ ಏನೂ ಹೇಳದೆ ಇರುವಾಗಲೇ, ಒಂದು ಶನಿವಾರ ಮೀನು ಕೊಯ್ಯುವವರ ಎದುರಿನ ಸಾಲಿನಲ್ಲಿ ನಾನೂ ಅಪ್ಪನೂ ನಿಂತಿದ್ದೆವು. ಅಪ್ಪ, "ತಲೆ ಬಿಸಾಡಬೇಡ ಮಾರಾಯ, ಸಾರಿಗೆ ಬೇಕು," ಎಂದು ದೊಡ್ಡ ದನಿಯಲ್ಲಿ ಹೇಳಿದರು. ಎಂಜಿನ್ ರೂಮಿನಲ್ಲಿ ಕಿವಿ ಹೋದವರು, ಅವರ ದನಿ ಯಾವಾಗಲೂ ದೊಡ್ಡದೇ. ನಮ್ಮ ಹಿಂದೆ ಏನೋ ಧಪ್ಪೆಂದು ಬಿತ್ತು. ತಿರುಗಿದರೆ ನಾನು ಚಿಕ್ಕಂದಿನಿಂದ ಕಾಕ ಎಂದು ಕರೆಯುವ ಉಳ್ಳಾಲದ ಕಡೆಯವರು. ಅಪ್ಪನ ಕೈಕೆಳಗೆ ಅದೇ ಎಂಜಿನ್ ರೂಮಿನಲ್ಲಿ ಕೆಲಸ ಕಲಿತವರು, ಈಗ ದುಬೈಯ ದೇರಾದಲ್ಲಿ ಬೋಟಿನ ಬಿಡಿಭಾಗಗಳ ಅಂಗಡಿಯಲ್ಲಿದ್ದಾರೆ. ಅವರ ಮೀನಿನ ಚೀಲ ನೆಲದ ಮೇಲೆ ಬಿದ್ದಿತ್ತು.

"ಯಾ ಅಲ್ಲಾ," ಎಂದರು ಕಾಕ. "ಅಣ್ಣ... ನೀವು ಇದ್ದೀರಾ?"

"ಇಲ್ಲದೆ ಎಲ್ಲಿಗೆ ಹೋಗ್ಲಿ?"

ಕಾಕ ಅಪ್ಪನ ಎರಡೂ ತೋಳು ಹಿಡಿದು ಒತ್ತಿ ನೋಡಿದರು. ಕಣ್ಣಲ್ಲಿ ಬಳಬಳ ನೀರು. "ನೀವು ಸೀರಿಯಸ್ ಅಂತ ಸೂಪರ್‌ವೈಸರ್ ಹೇಳಿದ್ರು. ಫೋನ್ ಮಾಡಿದ್ರೆ ಸ್ವಿಚ್ ಆಫ್. ಮರುದಿನವೂ ಸ್ವಿಚ್ ಆಫ್. ಖಲಾಸ್ ಅಂತ ತಿಳ್ಕೊಂಡೆವು ಅಣ್ಣ. ಮನೆಯವರಿಗೆ ಫೋನ್ ಮಾಡಿ ಹೇಗೆ ಕೇಳುದು, ಹೋದ್ರಾ ಅಂತ? ಬಾಡಿ ಊರಿಗೆ ಕಳಿಸಿರ್ಬೇಕು ಅಂದ್ಕೊಂಡೆವು."

ಕಾಕನನ್ನು ತಡೆಯಬೇಕು ಎನ್ನಿಸಿತು. ಅವರು ಅಳುತ್ತಾ ನಗುತ್ತಾ ಹೇಳುತ್ತಲೇ ಹೋದರು.

"ಬೋಟು ಮುಳುಗಿಸುವ ದಿನ ನಾವೆಲ್ಲ ನಿಮ್ಮದೇ ಮಾತಾಡಿದ್ದು. ನೀವು ರಿಟೈರಾಗುವಾಗ ನಂಗೆ ಕೊಟ್ಟಿದ್ರಲ್ಲ, ಕಿವಿಗೆ ಹಾಕುವ ಮಫ್, ಅದನ್ನು ಎಂಜಿನ್ ರೂಮಲ್ಲಿ ನೀವು ನಿಲ್ಲುವ ಜಾಗದಲ್ಲೇ ಕೊಕ್ಕೆಗೆ ತೂಗು ಹಾಕಿ ಬಂದೆ. ನಿಮ್ಮ ಹೆಸರಲ್ಲಿ ದುಆ ಮಾಡಿದೆವು. ಕುಂದಾಪುರದ ಹುಡುಗ ತೆಂಗಿನಕಾಯಿ ಒಡೆದ. ಎಲ್ಲರೂ ಹೂ ಬಿಟ್ಟರು."

ಮೀನು ಕೊಯ್ಯುವವ ಚೀಲ ಚಾಚಿ ಹಿಡಿದೇ ನಿಂತಿದ್ದ.

"ಮುಳುಗಿಸಿದ್ರಾ?" ಎಂದರು ಅಪ್ಪ ಕೊನೆಗೆ.

ಈಗ ಗಾಬರಿಯಾಗುವ ಸರದಿ ಕಾಕನದು. ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಎಂಜಿನ್?"

"ಮೊದಲೇ ತೆಗೆದಿದ್ರು ಅಣ್ಣ. ಎಣ್ಣೆ, ವೈರು ಎಲ್ಲ ತೆಗೆದು ತೊಳೆದಿದ್ರು. ಬರೀ ಗೂಡು."

"ಹೇಗೆ ಹೋಯ್ತು?"

"ಎಡಕ್ಕೆ ವಾಲಿತು. ಆಮೇಲೆ ಮೆಲ್ಲಗೆ ಹೋಯ್ತು. ಗಲಾಟೆ ಮಾಡ್ಲಿಲ್ಲ."

ಅಪ್ಪ ತಲೆಯಾಡಿಸಿದರು. ಕಾಕನ ಬೆನ್ನು ತಟ್ಟಿ, "ನನ್ನನ್ನೂ ಸೇರಿಸಿ ಕಳಿಸಿದ್ರಲ್ಲ ಮಾರಾಯ, ಒಳ್ಳೇದಾಯ್ತು," ಎಂದು ನಕ್ಕರು. ಯಾರು ಹೇಳಿದ್ದು ಎಂದು ಕಾರಿನಲ್ಲಿ ನನ್ನನ್ನು ಕೇಳಲಿಲ್ಲ.

ಮನೆಯಲ್ಲಿ ಮೀನಿನ ಚೀಲವನ್ನು ಅಮ್ಮನ ಕೈಗೆ ಕೊಟ್ಟು ಅಡುಗೆಮನೆಯ ಬಾಗಿಲಲ್ಲೇ ನಿಂತರು. "ನಾನು ಸತ್ತಿದ್ದೇನಂತೆ. ಬೋಟಿನವರಿಗೆ ಸುದ್ದಿ ಕೊಟ್ಟದ್ದು ನೀನಾ?"

ಅಮ್ಮನ ಕೈಯಿಂದ ಚೀಲ ಬೀಳಲಿಲ್ಲ. ಅದನ್ನು ಸಿಂಕಿನಲ್ಲಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ತಿರುಗಿದಳು. ಅವಳ ಧೈರ್ಯ ಧೈರ್ಯವೇ. "ನಾನೇ. ಸಾಯ್ಲಿ ಅಂತ ಹೇಳಿದ್ದಲ್ಲ, ಬದುಕ್ಲಿ ಅಂತ ಹೇಳಿದ್ದು. ಆ ಬಿಸಿಲಿಗೆ, ಆ ನೀರಿನ ಮೇಲೆ ನಿಮ್ಮನ್ನು ಕಳಿಸಿ ನಾನು ಇಲ್ಲಿ ಕೂರ್ಬೇಕಿತ್ತಾ? ಆಯುಸ್ಸಿಡೀ ಕೂತಾಯ್ತು. ಇನ್ನು ನನ್ನಿಂದಾಗುದಿಲ್ಲ."

"ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಹೋಗ್ತೇನೆ ಅಂತಿದ್ರಿ."

"ಹೌದು," ಎಂದರು ಅಪ್ಪ. "ಹೋಗ್ತೇನೆ ಅಂತಿದ್ದೆ."

ಅಮ್ಮ ಅಳತೊಡಗಿದಳು. ಅವಳು ಅತ್ತರೆ, "ಆಯ್ತು ಬಿಡು ಮಾರಾಯ್ತಿ," ಎಂದು ಅಪ್ಪ ಎಲ್ಲಿದ್ದರೂ ಎದ್ದು ಬರುತ್ತಿದ್ದರು. ಆ ದಿನ ಬರಲಿಲ್ಲ. ಬಾಲ್ಕನಿಗೆ ಹೋಗಿ ಟೂಲ್ ಬಾಕ್ಸ್ ಮುಚ್ಚಿ, ಕೆಳಗಿನ ಅಂಗಡಿಯವನಿಗೆ ಕೊಟ್ಟು ಬಂದರು. ನಾನು ಯಾರ ಪರ ಎಂದು ಆವತ್ತು ನನಗೇ ಗೊತ್ತಾಗಲಿಲ್ಲ. ಅಮ್ಮನ ಮೇಲಿನ ಸಿಟ್ಟು ಹೋಗಿರಲಿಲ್ಲ, ಅವಳನ್ನು ತಬ್ಬಿಕೊಳ್ಳಬೇಕೆಂದೂ ಅನ್ನಿಸುತ್ತಿತ್ತು. ಎರಡನ್ನೂ ಮಾಡದೆ ಮೀನು ತೊಳೆದೆ.

ಜಗಳವೇನೂ ಮುಂದುವರಿಯಲಿಲ್ಲ. ಅಪ್ಪ ಊಟ ಮಾಡುತ್ತಾರೆ, ಮಾತ್ರೆ ತಿನ್ನುತ್ತಾರೆ, ಮೊಮ್ಮಗಳ ಜೊತೆ ಕ್ರಿಕೆಟ್ ನೋಡುತ್ತಾರೆ. ಅಮ್ಮನ ಜೊತೆಗೂ ಮಾತಾಡುತ್ತಾರೆ. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಅಮ್ಮ ಏನಾದರೂ ಸುದ್ದಿ ಹೇಳಿದರೆ ಅವರು ಒಮ್ಮೆ ನನ್ನ ಮುಖ ನೋಡುತ್ತಾರೆ, ಆಮೇಲೆ ಹೂಂಗುಟ್ಟುತ್ತಾರೆ. ಅಮ್ಮ ಅದನ್ನು ಕಂಡೂ ಕಾಣದ ಹಾಗೆ ಇರುತ್ತಾಳೆ.

ಕಳೆದ ತಿಂಗಳು ಊರಿನಿಂದ ಫೋನ್ ಬಂತು. ಅಪ್ಪನಿಗೆ ಒಬ್ಬ ಅಕ್ಕ ಇದ್ದಾರೆ, ನನ್ನ ದೊಡ್ಡತ್ತೆ. ಅಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವರು. ಅಮ್ಮ ಫೋನಿನಲ್ಲಿ ಮಾತು ಮುಗಿಸಿ ಹೊರಗೆ ಬಂದು, ಎಂದಿನ ಹಾಗೆ, "ನಿಮ್ಮ ಅಕ್ಕನಿಗೆ ಸ್ವಲ್ಪ ಹುಷಾರಿಲ್ಲವಂತೆ ಮಾರ್ರೆ, ಜ್ವರ," ಎಂದಳು.

ಅಪ್ಪ ಓದುತ್ತಿದ್ದ ಪೇಪರನ್ನು ಮಡಚಿ ಕೆಳಗಿಟ್ಟರು. ಈ ಸಲ ನನ್ನ ಮುಖವನ್ನೂ ನೋಡಲಿಲ್ಲ.

"ಎಷ್ಟೊತ್ತಿಗೆ ಹೋದಳು?" ಎಂದು ಕೇಳಿದರು.

"ಅಯ್ಯೋ, ಇಲ್ಲ ಮಾರ್ರೆ! ಜ್ವರ ಅಷ್ಟೇ! ದೇವರಾಣೆ!" ಎಂದು ಅಮ್ಮ ಚೀರಿದಳು. ಅಪ್ಪ ನಂಬದೆ ಅವಳನ್ನೇ ನೋಡುತ್ತಿದ್ದರು. ನಾನು ದೊಡ್ಡತ್ತೆಯ ಮನೆಗೆ ವಿಡಿಯೋ ಕಾಲ್ ಮಾಡಿದೆ. ಕಂಬಳಿ ಹೊದ್ದ ದೊಡ್ಡತ್ತೆ ತೆರೆಯ ಮೇಲೆ ಬಂದು, "ಎಂತದಾ ನಿಂಗೆ ಈ ಹೊತ್ತಲ್ಲಿ? ಈಗಷ್ಟೇ ಗಂಜಿ ಉಂಡೆ," ಎಂದು ತಮ್ಮನಿಗೆ ಗದರಿದರು. ಅಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಮ್ಮೆಲ್ಲರ ಎದುರಿಗೆ, ಮೊದಲ ಸಲ ಅತ್ತರು.

ಅಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಹೇಳಿದ್ದು ನಿಜವಾಗಿತ್ತು. ಅದನ್ನು ಅಪ್ಪನಿಗೆ ನಂಬಿಸಲಿಕ್ಕೆ ಇನ್ನು ಮುಂದೆ ನಾನು ಬೇಕು.